ಮರಿ ಸೇರಿಸದ ತಾಯಿ

ಕುರಿ ಕಾಯುವವನ ಬದುಕಲ್ಲಿ ನಗುವಂಥದ್ದು ಬೇಡ ಅಂದರೂ ನಡೀತಾನೇ ಇರುತ್ತದೆ. ಅದೂ ಅಳು ಬರುವ ಹೊತ್ತಿನಲ್ಲೇ ಜಾಸ್ತಿ.

ಕೊರಟಗೆರೆ ಬಸ್ಸು

ಶಿರಾದಿಂದ ಪಾವಗಡದ ತನಕ ಯಾರನ್ನಾದರೂ ಕೇಳಿ, ಮರಿಯನ್ನು ಹತ್ತಿರ ಸೇರಿಸದ ಕುರಿಯನ್ನು ಒಲಿಸುವುದರಲ್ಲಿ ನನ್ನ ಮೀರಿಸಿದವನಿಲ್ಲ. ಮರಿ ಸತ್ತ ಕುರಿಯ ಹತ್ತಿರ ತಬ್ಬಲಿ ಮರಿ ಬಿಡುವಾಗ, ಸತ್ತ ಮರಿಯ ತೊಗಲನ್ನು ತಬ್ಬಲಿಗೆ ಹೊದಿಸುತ್ತೇವೆ. ಕುರಿ ಮೂಸಿ, ನನ್ನದೇ ಅಂದುಕೊಂಡು ಹಾಲು ಕೊಡುತ್ತದೆ. ಒಂದು ಸಲ ಅಂಥ ಹಸಿ ತೊಗಲನ್ನು ಹೆಗಲಿಗೆ ಹಾಕಿಕೊಂಡು, ಮರೆತು ಹಾಗೇ ಬಸ್ಸು ಹತ್ತಿಬಿಟ್ಟೆ. ಸತ್ತ ಮರಿಯ ತಾಯಿ ಕುರಿಯೂ ವಾಸನೆ ಹಿಡಿದು ಹಿಂದೆಯೇ ಹತ್ತಿತು. ಸೀಟಿನ ಪಕ್ಕ ನಿಂತು ನನ್ನ ಕಿವಿ ನೆಕ್ಕತೊಡಗಿತು. ಕಂಡಕ್ಟರ್ ಬಂದು ನೋಡಿದ.

"ಯಜಮಾನ್ರೇ, ನಿಮ್ದಾಯ್ತು. ನಿಮ್ಮಮ್ಮಂಗೆ ಟಿಕೆಟ್ ಯಾರು ತಗೋತಾರೆ?"

ಡಾಕ್ಟ್ರಮ್ಮನ ಮದ್ದು

ನನ್ನ ಜಂಬವೆಲ್ಲ ಸೊಸೆಯ ಬಾಣಂತನದಲ್ಲಿ ಇಳಿದುಹೋಯಿತು. ತವರಲ್ಲಿ ತಾಯಿ ಇಲ್ಲದ ಹುಡುಗಿ. ಹೆರಿಗೆ ನಮ್ಮಲ್ಲೇ ಆಯಿತು. ಗಂಡು ಮಗು. ಅವಳು ಅದರ ಮುಖ ನೋಡದೆ ಗೋಡೆಗೆ ತಿರುಗಿ ಮಲಗಿದಳು. "ನಿಮ್ ಮಗೀನ ಎತ್ಕೊಳ್ಳಿ ಅತ್ತೆ" ಅನ್ನುವುದು ಬಿಟ್ಟರೆ ಮಾತಿಲ್ಲ. ಮಗು ಹುಟ್ಟಿದ ಮನೆ ಸಾವಾದ ಮನೆಯ ಹಾಗಿತ್ತು.

ಮಧುಗಿರಿಯ ಡಾಕ್ಟ್ರಮ್ಮ ಮಾತ್ರೆ ಬರೆದುಕೊಟ್ಟರು. "ಹೆರಿಗೆ ಆದ್ಮೇಲೆ ಹಾರ್ಮೋನು ಏರುಪೇರಾಗುತ್ತೆ ತಾತ. ಅವಳ ತಪ್ಪಲ್ಲ, ಬೈಬೇಡಿ. ಮಗೂನ ಮೈಗೆ ಮೈ ತಾಗೋ ಹಂಗೆ ಅವಳ ಎದೆ ಮೇಲೆ ಮಲಗಿಸಿ. ಆ ಬಿಸಿಗೆ, ಆ ವಾಸನೆಗೆ ಪ್ರೀತಿ ಹುಟ್ಟಿಸೋ ಹಾರ್ಮೋನು ಊರುತ್ತೆ."

"ಅದನ್ನೇ ಒಂದು ಚೊಂಬು ಕೊಡಿ ತಾಯಿ, ಕುಡಿಸ್ಬುಡ್ತೀನಿ."

"ಚೊಂಬಲ್ಲಿ ಸಿಗೋ ಹಂಗಿದ್ರೆ ನಮ್ಮೆಜಮಾನ್ರಿಗೆ ಮೊದಲು ಕುಡಿಸ್ತಿದ್ದೆ!"

ಕೊನೆಯ ಉಪಾಯ

ಮಾತ್ರೆ ನುಂಗಿದಳು. ಮಗುವನ್ನು ಎದೆ ಮೇಲೆ ಮಲಗಿಸಿದರೂ ಕಲ್ಲಿನಂತಿದ್ದಳು. ನನ್ನ ಹೆಂಡತಿ ಒಲೆ ಮುಂದೆ ಕೂತು ಅಳುತ್ತಿದ್ದಳು. ಏನು ಮಾಡಿದರೂ ಒಲಿಯದ ಕುರಿಯ ಎದುರು ನಾವು ನಾಯಿ ತಂದು ನಿಲ್ಲಿಸುತ್ತೇವೆ. ಕುರಿ ಕಾಲು ಅಪ್ಪಳಿಸಿ ಮರಿಗೆ ಅಡ್ಡ ನಿಲ್ಲುತ್ತದೆ. ಬಾಣಂತಿ ಕೋಣೆಗೆ ನಾಯಿ ಬಿಡೋಕಾಗುತ್ತಾ? ನಾನೇ ಹೋದೆ.

ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಗಟ್ಟಿಯಾಗಿ ಶುರು ಮಾಡಿದೆ. "ಲೇ ಮಗ, ಚನ್ನರಾಯನದುರ್ಗದ ಬೆಟ್ಟದಿಂದ ಚಿರತೆ ಕಿವಿ ಹಿಡಿದು ಇಳಿಸ್ದೋನು ಕಣ್ಲಾ ನಾನು! ನಾಳೆಯಿಂದ ಕುರಿ ರೊಪ್ಪದಲ್ಲೇ ನನ್ ಜೊತೆ ಮಲ್ಕೋ. ಬೀಡಿ ಹಚ್ಚೋದು, ಮೀಸೆ ತಿರುವೋದು, ಎಲ್ಲಾ ಕಲಿಸ್ತೀನಿ."

ಸೊಸೆ ಸರಕ್ಕನೆ ತಿರುಗಿದಳು. "ಮಾವಾ! ನನ್ ಮಗೀನ ಕೊಡಿ ಇಲ್ಲಿ! ನಿಮ್ ಸುಳ್ ಕೇಳ್ಕೊಂಡು ಬೆಳುದ್ರೆ ನನ್ ಮಗ ಹಾಳಾಗೋಯ್ತಾನೆ!" ಕಿತ್ತುಕೊಂಡು ಎದೆಗೆ ಅವಚಿಕೊಂಡಳು.

ಈಗಲೂ ಕೆಲವು ದಿನ ಗೋಡೆಗೆ ತಿರುಗಿಯೇ ಮಲಗುತ್ತಾಳೆ. ಆದರೆ ಮಗುವನ್ನು ಗೋಡೆ ಪಕ್ಕಕ್ಕೆ ಹಾಕಿಕೊಂಡು.

ಮತ್ತೆ ತೋರಿಸೋಕೆ ಹೋದಾಗ ಡಾಕ್ಟ್ರಮ್ಮ, "ಮಾತ್ರೆ ಹಿಡೀತಾ ಇದೆ, ನಿಲ್ಲಿಸ್ಬೇಡಿ" ಅಂದರು.

"ಮಾತ್ರೆ ನಿಮ್ದೇ ಕಣಮ್ಮ, ಆದ್ರೆ ನಾಯಿ ನಾನು" ಅಂದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಇವರ ಬಾಯಲ್ಲಿ ನಾನು ನಿಜ ಕೇಳಿದ್ದು ಇವತ್ತೇ ನೋಡಿ ತಾಯಿ."