ಕೊನೆಗೆ ಹಾಕಬೇಕಾಗಿದ್ದ ಕ್ಯಾಲ್ಸಿಯಂ

ನಿಧಾನಪ್ಪನ ಅವತ್ತಿನ ಫಜೀತಿಗೆಲ್ಲ ಮೂಲ ಒಂದು ಲೋಟ ಚಹಾ.

ನಿಧಾನಪ್ಪ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವನ ನಡಿಗೆ ನೋಡಿ ಕಾಲೇಜಿನವರು ಇಟ್ಟದ್ದು. ಪ್ರಯೋಗಶಾಲೆಯಲ್ಲಿ ಅವನು ಸಹಾಯಕ. ಹದಿನಾಲ್ಕು ವರ್ಷದಿಂದ ಒಂದೇ ಕೆಲಸ. ಕೋಳಿ ಕರುಳಿನ ಎರಡು ಬೆರಳುದ್ದದ ತುಂಡನ್ನು ಬೆಚ್ಚಗಿನ ಉಪ್ಪುನೀರು ತುಂಬಿದ ಗಾಜಿನ ಕೊಳವೆಯಲ್ಲಿ ತೂಗುಹಾಕಿ, ಅದರ ತುದಿಗೆ ದಾರ ಕಟ್ಟಿ, ದಾರವನ್ನು ಒಂದು ಕಡ್ಡಿಗೆ ಸಿಕ್ಕಿಸಬೇಕು. ಮದ್ದಿನ ಹನಿ ಬಿದ್ದರೆ ಕರುಳು ಮುದುಡುತ್ತದೆ, ದಾರ ಜಗ್ಗುತ್ತದೆ, ಕಡ್ಡಿ ಕಾಗದದ ಮೇಲೆ ಗುಡ್ಡದಂಥ ಗೆರೆ ಎಳೆಯುತ್ತದೆ. ಬಗ್ಗಿ ಬಗ್ಗಿ ಅವನ ಸೊಂಟ ಬಿದ್ದುಹೋಗಿತ್ತು. ಸಂಜೆ ಮನೆಗೆ ಹೋದರೆ ಹೆಂಡತಿ ಮೂಗು ಮುಚ್ಚಿಕೊಂಡು, "ಮೊದಲು ಸ್ನಾನ, ಆಮೇಲೆ ಮಾತು" ಅನ್ನುತ್ತಿದ್ದಳು.

ಅಷ್ಟರಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಒಂದು ಜಾಗ ಖಾಲಿಯಾಯಿತು. ಕೂರಲು ಕುರ್ಚಿ, ತಲೆ ಮೇಲೆ ಫ್ಯಾನು, ಯಾರೂ ಮಾತಾಡಬಾರದು ಅಂತ ಗೋಡೆಗೆ ಬೋರ್ಡು. ಇದಕ್ಕಿಂತ ಇನ್ನೇನು ಬೇಕು? ನಿಧಾನಪ್ಪ ಅರ್ಜಿ ಬರೆದು ವಿಭಾಗದ ಮೇಡಂ ಕೈಗೆ ಕೊಟ್ಟ.

"ನಾಳೆ ಮೂರು ಗಂಟೆಗೆ ಹೊರಗಿನ ಪರೀಕ್ಷಕರು ಬರ್ತಾರೆ," ಅಂದರು ಮೇಡಂ. "ಅವರೆದುರು ಪ್ರಯೋಗ ಚೆನ್ನಾಗಿ ಆಗಲಿ, ಸಂಜೆ ಸಹಿ ಹಾಕ್ತೀನಿ. ಕೆಟ್ಟಿತೋ, ಲೈಬ್ರರಿ ಮಾತೇ ಎತ್ತಬೇಡಿ."

ಮರುದಿನ ಬೆಳಿಗ್ಗೆ ಅವನು ದೇವರ ಕೆಲಸ ಮಾಡುವ ಹಾಗೆ ಉಪ್ಪುನೀರು ಬೆರೆಸಲು ನಿಂತ. ಎಲ್ಲ ಉಪ್ಪುಗಳೂ ಕರಗಿ, ಗಾಳಿಯ ಗುಳ್ಳೆ ಏಳತೊಡಗಿದ ಮೇಲೆ ಕಟ್ಟಕಡೆಗೆ ಕ್ಯಾಲ್ಸಿಯಂ ಹಾಕಬೇಕು; ಅವಸರಪಟ್ಟು ಮೊದಲೇ ಹಾಕಿದರೆ ನೀರು ಬೆಳ್ಳಗೆ ಮಬ್ಬಾಗಿ ಎಲ್ಲ ಹಾಳು. ಕ್ಯಾಲ್ಸಿಯಂ ಕರಗಿಸಿದ ಪುಟ್ಟ ಬೀಕರನ್ನು ಇನ್ನೇನು ಎತ್ತಬೇಕು, ಕಾಲೇಜಿನ ಸಾಮಾನು ಕೋಣೆ ನೋಡಿಕೊಳ್ಳುವ ಸ್ಟೋರಿನವರು ಚಹಾ ಹಿಡಿದು ಬಾಗಿಲಿಗೆ ಬಂದೇ ಬಿಟ್ಟರು.

"ಬಾರಯ್ಯ, ಆರಿಹೋಗತ್ತೆ! ಕರುಳೇನು ಓಡಿಹೋಗಲ್ಲ."

ಸ್ಟೋರಿನವರ ಬಾಯಿಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಅಳಿಯನ ಹೊಸ ಮನೆ, ಮೆಟ್ಟಿಲಿನ ಅಳತೆ, ಬಚ್ಚಲಿನ ಕಿಟಕಿ ಎಲ್ಲ ಕೇಳಿ ಮುಗಿಸಿ ನಿಧಾನಪ್ಪ ವಾಪಸು ಬಂದಾಗ ತಲೆ ಧಿಮ್ಮೆನ್ನುತ್ತಿತ್ತು. ನೀರು ತಯಾರಾಗಿದೆ ಅಂದುಕೊಂಡು ಕರುಳನ್ನು ಇಳಿಬಿಟ್ಟ.

ಮಧ್ಯಾಹ್ನ ಒಮ್ಮೆ ಪರೀಕ್ಷಿಸಿದ. ಮೊದಲ ಹನಿಗೆ ಕಡ್ಡಿ ಚೂರು ಎದ್ದಿತು. ನೀರು ಬದಲಿಸಿ ಎರಡನೆಯ ಹನಿ ಹಾಕಿದ, ಎದ್ದೂ ಏಳದ ಹಾಗೆ ಅಲುಗಿತು. ಮೂರನೆಯದಕ್ಕೆ ಜಪ್ಪಯ್ಯ ಅಂದರೂ ಕದಲಲಿಲ್ಲ. ನಿಧಾನಪ್ಪ ಗಡಿಯಾರ ನೋಡಿದ.

"ದಾರ ಸಡಿಲ ಕಣ್ರೀ," ಅಂತ ಪಕ್ಕದ ಭೌತಶಾಸ್ತ್ರದ ಮೇಷ್ಟ್ರು ಕೇಳದೆಯೇ ಒಳಗೆ ಬಂದು ಗಂಟು ಬಿಗಿದರು. ಸ್ಟೋರಿನವರು ಕೊಳವೆಗೆ ಬೆರಳಿಂದ ಟಕಟಕ ಬಡಿದು, "ನಿದ್ದೆ ಹೋಗಿದೆ" ಅಂದರು. ಕಸ ಗುಡಿಸುವ ಅಕ್ಕ ಪೊರಕೆ ಊರಿಕೊಂಡು ನೋಡಿ, "ಪಾಪ, ಸತ್ತ ಮೇಲೂ ದುಡಿ ಅಂದ್ರೆ ಯಾರಿಗೆ ತಾನೆ ಮನಸ್ಸು ಬರತ್ತೆ" ಅಂದಳು. ಮೇಷ್ಟ್ರು ಬಿಗಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುವಷ್ಟರಲ್ಲಿ ಮೂರು ಹೊಡೆಯಿತು.

ಪರೀಕ್ಷಕರು ಬಂದರು. ಹಿಂದೆ ಮೇಡಂ, ಅವರ ಹಿಂದೆ ಇಪ್ಪತ್ತು ವಿದ್ಯಾರ್ಥಿಗಳು. ನಿಧಾನಪ್ಪ ಮದ್ದಿನ ಹನಿ ಬಿಟ್ಟ. ಕಡ್ಡಿ ನೆಟ್ಟಗೆ ಗೆರೆ ಎಳೆಯುತ್ತಲೇ ಹೋಯಿತು. ಮೇಡಂ ಮುಖ ಕೆಂಪಾಯಿತು.

"ಇದೇನು?" ಅಂದರು ಪರೀಕ್ಷಕರು.

ಆಗಲೇ ನಿಧಾನಪ್ಪನ ಕಣ್ಣಿಗೆ ಬಿತ್ತು, ಕಿಟಕಿಯ ಕಟ್ಟೆ ಮೇಲೆ ತುಂಬಿದ ಹಾಗೇ ಕೂತಿದ್ದ ಪುಟ್ಟ ಬೀಕರು! ಅಯ್ಯೋ ಶಿವನೇ ಅಂದುಕೊಂಡ. ಆದರೆ ಕೈ ಮಾತ್ರ ಎಂದಿನಂತೆ ನಿಧಾನವಾಗಿಯೇ ಹೋಗಿ ಅದನ್ನೆತ್ತಿತು.

"ಸಾರ್, ಮದ್ದು ಬಾಗಿಲು ತಟ್ಟಿದೆ," ಅಂದ, ಹದಿನಾಲ್ಕು ವರ್ಷ ಪಾಠ ಕೇಳಿ ಕೇಳಿ ಬಾಯಿಗೆ ಬಂದದ್ದನ್ನು. "ಸ್ನಾಯುವಿನ ಜೀವಕೋಶದ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ, ಅವೂ ತೆರೆದಿವೆ. ಆದರೆ ಒಳಗೆ ಬರೋಕೆ ಹೊರಗೆ ಕ್ಯಾಲ್ಸಿಯಮ್ಮೇ ಇಲ್ಲ. ಕೋಶದ ಒಳಗಿನ ಕಣಜದಲ್ಲಿ ಇದ್ದ ಚೂರುಪಾರನ್ನ ಮಧ್ಯಾಹ್ನವೇ ಖರ್ಚು ಮಾಡಿಕೊಂಡಿದೆ. ಈಗ ನೋಡಿ."

ಅಳೆದು ನಾಲ್ಕು ಹನಿ ಬಿಟ್ಟ. ಕ್ಷಣ ಕಳೆಯಿತು. ಕರುಳು ಮೆಲ್ಲಗೆ ಮುದುಡಿತು, ಕಡ್ಡಿ ಏರಿತು, ಏರಿತು, ಕಾಗದದ ಅಂಚಿನವರೆಗೆ ಏರಿತು. ಹುಡುಗರು ಓ ಎಂದರು.

"ಸರಿ, ಇಳಿಯೋದು ಹೇಗಪ್ಪ?"

"ಮದ್ದು ತೊಳೆದರೆ ಬಾಗಿಲು ಮುಚ್ಚತ್ತೆ ಸಾರ್. ಆಮೇಲೆ ಪೊರೆಯಲ್ಲಿರೋ ಪಂಪುಗಳು ಒಳಗೆ ಬಂದ ಕ್ಯಾಲ್ಸಿಯಮ್ಮನ್ನ ಹೊರಗೆ ದಬ್ಬುತ್ತವೆ. ಒಂದಿಷ್ಟು ಕಣಜಕ್ಕೆ ವಾಪಸು ಹೋಗತ್ತೆ." ನೀರು ಬದಲಿಸಿದ. ಕಡ್ಡಿ ಮೆತ್ತಗೆ ಇಳಿಯಿತು.

ಪರೀಕ್ಷಕರು ಅವನ ಕೈ ಕುಲುಕಿದರು. "ಇಷ್ಟು ವರ್ಷದಲ್ಲಿ ಇಂಥ ಪಾಠ ನೋಡಿರಲಿಲ್ಲ!"

ಸಂಜೆ ಮೇಡಂ ಕರೆದಾಗ ನಿಧಾನಪ್ಪ ತಲೆ ಬಾಚಿಕೊಂಡು ಹೋದ. ಅರ್ಜಿ ಮೇಜಿನ ಮೇಲಿತ್ತು. ಮೇಡಂ ಅದನ್ನೆತ್ತಿ ಅಚ್ಚುಕಟ್ಟಾಗಿ ನಾಲ್ಕು ಚೂರು ಮಾಡಿದರು.

"ಇಂಥ ಕೈನ ಲೈಬ್ರರಿಗೆ ಧೂಳು ಒರೆಸೋಕೆ ಕಳಿಸೋದಾ? ಛೆ! ನಾಳೆಯಿಂದ ಪ್ರತಿ ತರಗತಿಗೂ ಇದೇ ಪ್ರಯೋಗ ನೀವೇ ಮಾಡಬೇಕು. ದಿನಕ್ಕೆ ಮೂರು ಸಲ."

ನಿಧಾನಪ್ಪ ಅರ್ಜಿಯ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿದ. ಇನ್ನು ಮುಚ್ಚಿಟ್ಟು ಫಲವಿಲ್ಲ ಅನ್ನಿಸಿ, "ಮೇಡಂ, ಸತ್ಯ ಹೇಳ್ತೀನಿ, ಅದು ಬೇಕಂತ ಮಾಡಿದ್ದಲ್ಲ. ಕ್ಯಾಲ್ಸಿಯಂ ಹಾಕೋದನ್ನೇ ಮರೆತಿದ್ದೆ! ಸ್ಟೋರಿನವರು ಚಹಾಕ್ಕೆ ಎಳೆದುಕೊಂಡು ಹೋದರು" ಅಂದ.

ಮೇಡಂ ಮನಸಾರೆ ನಕ್ಕರು. "ಇದರ ಜೊತೆಗೆ ವಿನಯ ಬೇರೆ! ಆದರೆ ಆ ಮನುಷ್ಯ ನಿಮಗೆ ಎಷ್ಟು ತೊಂದರೆ ಕೊಡ್ತಾರೆ ಅಂತ ನನಗೂ ಗೊತ್ತು ಕಣ್ರೀ. ಇನ್ನು ಚಿಂತೆ ಬಿಡಿ. ನೀವು ನೆಮ್ಮದಿಯಾಗಿ ಕೆಲಸ ಮಾಡೋ ಹಾಗಾಗಲಿ ಅಂತ ಈಗಷ್ಟೇ ಅವರನ್ನ ಲೈಬ್ರರಿಗೆ ಹಾಕಿದೆ."