ಲೈಟ್ ಹಾಕಿದರೆ ಮಾತಾಡುವ ಚಾವಣಿ

ಇಪ್ಪತ್ತು ವರ್ಷದಿಂದ ದಾವಣಗೆರೆಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಕರೆಂಟು ನನಗೆ ಶಾಕ್ ಕೊಟ್ಟಿದ್ದು ಎರಡೇ ಸಲ. ಕೆಲಸ ಹೇಳುವವರು ವಾರಕ್ಕೊಮ್ಮೆಯಾದರೂ ಕೊಡುತ್ತಾರೆ. ಈಚೆಗೆ ಇವರಿಗೆ ಹತ್ತಿರುವ ಹುಚ್ಚು ಎಂದರೆ ಚಾವಣಿಯಲ್ಲಿ ಸ್ಪೀಕರ್ ಕೂರಿಸುವುದು. ಲೈಟ್ ಹಾಕಿದ ಕೂಡಲೇ ಅದೂ ತಾನಾಗಿ ಶುರುವಾಗಬೇಕು. ಬೇರೆ ಸ್ವಿಚ್ ಇಡೋಣ ಎಂದರೆ ಮರ್ಯಾದೆ ಹೋದಂತೆ ಮುಖ ಮಾಡುತ್ತಾರೆ.

೧. ಮೇಲಿನಿಂದ ನಮಸ್ಕಾರ

ಕರೂರು ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಕೊಡ ಮಾಡುವ ಫ್ಯಾಕ್ಟರಿಯೊಂದಿದೆ. ಅದರ ಮಾಲೀಕ ಕೆಲಸದವರು ಕೈ ಮುಗಿದರೆ ತಲೆ ಕೂಡ ಆಡಿಸುವವನಲ್ಲ. ಆದರೆ ಆಫೀಸಿನ ಲೈಟ್ ಹಾಕಿದರೆ ಅವನದೇ ದನಿಯಲ್ಲಿ “ನಮಸ್ಕಾರ, ತಮಗೆ ಆದರದ ಸ್ವಾಗತ” ಎಂದು ಮೇಲಿನಿಂದ ಬರಬೇಕಂತೆ. ದೊಡ್ಡ ಪಾರ್ಟಿಗಳು ಬಂದಾಗ ಚೆನ್ನಾಗಿರುತ್ತದಂತೆ. ಮಾಡಿಕೊಟ್ಟೆ.

ತಿಂಗಳಾಗುವಷ್ಟರಲ್ಲಿ ಸ್ವಿಚ್ ಸಡಿಲವಾಗಿದೆ ಎಂದು ಕರೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ, ಕಸ ಗುಡಿಸುವ ಅಮ್ಮ ಸ್ವಿಚ್ ಹಾಕುತ್ತಾಳೆ, ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ.

“ಯಾಕವ್ವ, ಹಿಂಗ್ಯಾಕ ಮಾಡ್ತೀ?” ಎಂದೆ.

“ಹನ್ನೆರಡು ವರ್ಸ ಆತಣ್ಣ ಇಲ್ಲಿ ಕಸ ಹೊಡ್ಯಾಕ ಹತ್ತಿ. ಒಂದಿನಾನೂ ಈ ಮನುಷ್ಯ ನನ್ ಮಾರಿ ನೋಡಿಲ್ಲ. ಈಗ ದಿನಾ ಹತ್ತು ಸಲ ನಮಸ್ಕಾರ ಹೊಡಸ್ಕಂತೀನಿ.”

೨. ದೀಪ ಹಚ್ಚುವ ಹೊತ್ತು

ಇನ್ನು ದೇವರಾಜ ಅರಸು ಬಡಾವಣೆಯ ಯಜಮಾನರ ಕಥೆ. ಇವರ ಮಗಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಚುರುಕು ಹುಡುಗಿ. ಮೂರು ಕಡೆಯವರು ನೋಡಲು ಬಂದು, ಉಪ್ಪಿಟ್ಟು ತಿಂದು, “ಹೇಳಿ ಕಳಿಸ್ತೀವಿ” ಎಂದು ಹೋದವರು ಏನೂ ಹೇಳಿ ಕಳಿಸಿರಲಿಲ್ಲ. ಯಜಮಾನರ ಬಾಯಿ ಬಡಾಯಿಯೇ ಇದಕ್ಕೆ ಕಾರಣ ಎಂದು ಇಡೀ ಬೀದಿಗೆ ಗೊತ್ತು. ಅವರು ಮಾತ್ರ ಮನೆಯ ಹಾಲ್ ಗ್ರ್ಯಾಂಡಾಗಿಲ್ಲ ಎಂದು ತೀರ್ಮಾನಿಸಿದರು. ಭಾನುವಾರ ಹರಿಹರದಿಂದ ನಾಲ್ಕನೆಯ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಹಾಲಿನ ಲೈಟ್ ಹಾಕಿದರೆ ಶಹನಾಯಿ ಕೇಳಬೇಕು!

“ಸ್ಪೀಕರಿಗೆ ಬ್ಯಾರೆ ಸ್ವಿಚ್ ಇಡಾಣ್ರಿ” ಎಂದೆ.

“ಬ್ಯಾಡ್ರಿ! ಬ್ಯಾರೆ ಸ್ವಿಚ್ಚು ಯಾರ ಮನ್ಯಾಗಾದ್ರೂ ಇರ್ತೈತೆ.”

ಸಂಜೆಗೆ ಕೆಲಸ ಮುಗಿಯುತ್ತ ಬಂತು. ಯಜಮಾನರ ತಾಯಿ ಎಂದಿನಂತೆ ಲೈಟ್ ಹಾಕಿ, ದೀಪಕ್ಕೆ ಕೈ ಮುಗಿದರು. ಆ ಅಗ್ಗದ ಬ್ಲೂಟೂತ್ ಬೋರ್ಡಿಗೆ ಕರೆಂಟ್ ಹರಿದರೆ ಮೊದಲು ಒಬ್ಬ ಹೆಂಗಸು ಇಂಗ್ಲೀಷಿನಲ್ಲಿ, ತಾನು ತಯಾರಾಗಿದ್ದೇನೆ ಎಂದು ಕೂಗುತ್ತಾಳೆ. ಕೂಗಿದಳು. ಅಜ್ಜಿ ಹೌಹಾರಿ ಬಿದ್ದಾರೆಂದು ನಾನು ಏಣಿ ಬಿಟ್ಟು ಓಡಿದೆ. ಅಜ್ಜಿ ಮುಗಿದ ಕೈ ಇಳಿಸದೆ ಮೇಲೆ ನೋಡಿದರು.

“ಇಂಗ್ಲೀಷು ಆಮ್ಯಾಲ ಮಾತಾಡುವಂತಿ. ಮೊದ್ಲು ನನ್ ಮೊಮ್ಮಗಳಿಗೆ ಒಂದು ಗಂಡು ಗೊತ್ತು ಮಾಡು.”

೩. ಪೇಪರ್ ತಿದ್ದುವುದು

ಶುಕ್ರವಾರ ಸಂಜೆ ಉಳಿದ ಸ್ಕ್ರೂ ಬಿಗಿಯಲು ಯಜಮಾನರ ಮನೆಗೆ ಹೋದರೆ ಹಾಲೆಲ್ಲ ಕತ್ತಲು. ಕರೆಂಟ್ ಹೋಗಿದೆಯೇನೋ ಅಂದುಕೊಂಡರೆ ಫ್ಯಾನು ತಿರುಗುತ್ತಿದೆ. ಹೊಸ ಹಾಲಿನಲ್ಲಿ ಹದಿನೆಂಟು ಬಲ್ಬು ಹಾಕಿಕೊಟ್ಟಿದ್ದೇನೆ, ಮಗಳು ಮೂಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಉತ್ತರಪತ್ರಿಕೆ ತಿದ್ದುತ್ತಿದ್ದಾಳೆ.

“ಲೈಟ್ ಹಾಕ್ಕೋ ತಂಗಿ” ಎಂದೆ.

“ಹಾಕಿದ್ರೆ ಶಹನಾಯಿ ಶುರು ಆಗ್ತೈತೆ ಅಣ್ಣ. ಮಾರ್ಕ್ಸ್ ಹಾಕ್ಬೇಕೋ ಅಕ್ಷತೆ ಹಾಕ್ಬೇಕೋ ಗೊತ್ತಾಗಲ್ಲ.”

೪. ಶೇಂಗಾ ಹೋಳಿಗೆ

ಭಾನುವಾರ ಸಂಜೆ ಹರಿಹರದಿಂದ ಹುಡುಗ, ಅವನ ತಂದೆ, ತಾಯಿ ಬಂದರು. ಏನಾದರೂ ಕೈಕೊಟ್ಟರೆ ಇರಲಿ ಎಂದು ಯಜಮಾನರು ನನಗೂ ಇಸ್ತ್ರಿ ಅಂಗಿ ಹಾಕಿಸಿ ಸ್ವಿಚ್ ಬೋರ್ಡಿನ ಪಕ್ಕ ಕೂರಿಸಿದ್ದರು. ಯಾರಾದರೂ ಕೇಳಿದರೆ ಸಂಬಂಧಿಕ ಎನ್ನಬೇಕಂತೆ. ಅವರ ಸಂಬಂಧಿಕನಾಗುವಂಥ ಪಾಪ ನಾನೇನು ಮಾಡಿದ್ದೆನೋ!

ಲೈಟ್ ಬಂತು, ಯಜಮಾನರ ಫೋನಿನಲ್ಲಿದ್ದ ಶಹನಾಯಿ ಚಾವಣಿಯಿಂದ ಹರಿಯಿತು, ತಟ್ಟೆಯಲ್ಲಿ ಶೇಂಗಾ ಹೋಳಿಗೆ ಬಂದವು. “ಎಲ್ಲಾ ನಮ್ ಹುಡುಗೀನೇ ಮಾಡಿದ್ದು. ಬೆಳಿಗ್ಗೆ ನಾಕಕ್ಕೇ ಎದ್ದಾಳ” ಎಂದರು ಯಜಮಾನರು. ಮಗಳು ಅಪ್ಪನ ಮುಖ ನೋಡಿದಳು. ಹುಡುಗನ ತಾಯಿ ಎರಡನೆಯ ಹೋಳಿಗೆಗೆ ಕೈ ಹಾಕಿದರು. ಸಂಬಂಧ ಕುದುರಿತು ಎಂದು ನನಗೂ ಅನ್ನಿಸಿತು.

ಅಷ್ಟರಲ್ಲಿ ಯಜಮಾನರಿಗೆ ಫೋನ್ ಬಂತು. ಕಟ್ ಮಾಡಲು ಹೋಗಿ, ಗಾಬರಿಯಲ್ಲಿ ಎತ್ತಿಬಿಟ್ಟರು. ಫೋನು ಕೈಜಾರಿ ಸೋಫಾದಡಿ ಸೇರಿತು. ಶಹನಾಯಿ ಬರುತ್ತಿದ್ದ ದಾರಿಯಲ್ಲೇ ಮಾತೂ ಬಂತು, ಇಡೀ ಹಾಲಿಗೆ ಕೇಳುವಂತೆ.

“ಅಣ್ಣಾರ, ನಾನ್ರಿ, ರೊಟ್ಟಿ ಕೇಂದ್ರದಾಕಿ. ಹೋಳಿಗಿ ಹೆಂಗಾಗ್ಯಾವ್ರಿ? ನೀವು ಹೇಳ್ದಂಗ ನಾಕು ಸೊಟ್ಟ ಮಾಡಿ ಕಳ್ಸೀನಿ, ಮನ್ಯಾಗ ಮಾಡಿದಂಗ ಕಾಣ್ಲಿ ಅಂತ. ಡಬ್ಬಿ ನಾಳೆ ಕಳಿಸ್ರಿ...”

ಯಜಮಾನರು ನನ್ನ ಮೇಲೇ ಬಿದ್ದು ಸ್ವಿಚ್ ಒತ್ತಿದರು. ಸ್ಪೀಕರ್ ನಿಂತಿತು, ಹದಿನೆಂಟು ಬಲ್ಬೂ ಆರಿದವು. ಸೋಫಾದಡಿಯ ಫೋನು ಇನ್ನೂ ಕಟ್ಟಾಗಿಲ್ಲ, ಲೈಟ್ ಹಾಕಿದರೆ ಆಕೆ ಮತ್ತೆ ಮಾತಾಡುತ್ತಾಳೆ; ಹಾಕದಿದ್ದರೆ ಹೆಣ್ಣು ನೋಡಲು ಬಂದವರನ್ನು ಕತ್ತಲಲ್ಲೇ ಕೂರಿಸಬೇಕು. ಸ್ವಿಚ್ ಮೇಲೆ ಬೆರಳಿಟ್ಟುಕೊಂಡು ಯಜಮಾನರು ನನ್ನ ಭುಜಕ್ಕೇ ಒರಗಿದರು. ಅವರ ಮೇಲೆ ನನಗೆ ಕನಿಕರ ಬರಲಿಲ್ಲ. ಹುಡುಗಿಯನ್ನು ನೆನೆದು ಮಾತ್ರ ಪಾಪ ಅನ್ನಿಸಿತು, ತಂತಿ ಎಳೆದವನು ನಾನೇ ಅಲ್ಲವೇ.

ಕತ್ತಲಲ್ಲಿ ಅವಳೇ ಬಾಯಿ ಬಿಟ್ಟಳು. “ನಂಗೆ ಹೋಳಿಗಿ ಮಾಡಾಕ ಬರಲ್ರಿ. ಚಪಾತೀನೂ ಅಷ್ಟಕ್ಕಷ್ಟೇ. ಅಪ್ಪಾಜಿ ಹೇಳಿದ್ದು ಸುಳ್ಳು.”

ಹುಡುಗ ತಡೆಯಲಾರದೆ ನಕ್ಕುಬಿಟ್ಟ. ಅವಳೂ ನಕ್ಕಳು. ಆಮೇಲೆ ಹುಡುಗನ ತಾಯಿಯ ದನಿ ಬಂತು, ಬಾಯಲ್ಲಿ ಇನ್ನೂ ಹೋಳಿಗೆ ಇತ್ತು.

“ನಂಗೂ ಬರಲ್ಲ ತಗಾ ತಂಗಿ. ಲೈಟ್ ಹಾಕ್ರಿ ಬೀಗ್ರೇ, ಆ ರೊಟ್ಟಿ ಕೇಂದ್ರದಾಕಿ ಕೂಡ ಮಾತಾಡ್ತೀನಿ. ಮದುವಿಗೂ ಹೋಳಿಗಿ ಆಕೀಗೇ ಹೇಳಾಣ. ಸೊಟ್ಟ ಮಾತ್ರ ಬ್ಯಾಡ ಅನ್ರಿ.”