ಹಡಗು ಹತ್ತಿದ ಜೇನು

ತೊಂದರೆ ಶುರುವಾದದ್ದು ಒಂದು ರಾಣಿಜೇನಿನಿಂದ. ಜುರ್ಜೆವ್‌ದಾನ್ ಎಂಬ ಸಂತನ ಹಬ್ಬದ ಬೆಳಿಗ್ಗೆ ಏಳೂವರೆಗೆ ಅದು ನಿವೃತ್ತ ಪ್ರೊಫೆಸರ್ ವುಕಾಶಿನ್ ಅವರ ಹಿತ್ತಲಿನ ಪೆಟ್ಟಿಗೆಯಿಂದ ಪರಿವಾರಸಮೇತ ಎದ್ದು, ದಂಡೆಯ ಪೋಪ್ಲರ್ ಮರಗಳನ್ನೆಲ್ಲ ಬಿಟ್ಟು, ಡ್ಯಾನ್ಯೂಬ್ ನದಿಯ ದಡಕ್ಕೆ ತಾಗಿ ಲಂಗರು ಹಾಕಿ ನಿಂತಿದ್ದ ಒಂದು ಸರಕು ಹಡಗಿನ ಧ್ವಜಕಂಬಕ್ಕೆ ಹೋಗಿ ಜೋತುಬಿತ್ತು. ಧ್ವಜ ಯಾವುದೋ ಪುಟ್ಟ ದ್ವೀಪದೇಶದ್ದು. ಹೆಸರು ಹೇಳಿದರೆ ಆ ದೇಶದವರು ನೊಂದುಕೊಂಡಾರು, ಬೇಡ. ಕ್ಯಾಪ್ಟನ್ ಕೂಡ ಆ ದೇಶವನ್ನು ನೋಡಿದವನಲ್ಲ.

ಪ್ರೊಫೆಸರು ಜಾಳಿಗೆ ಟೋಪಿ ಹಾಕಿಕೊಂಡು, ಕೈಯಲ್ಲಿ ಬುಟ್ಟಿ ಹಿಡಿದು ದಂಡೆಗೆ ಓಡಿದರು. ಕ್ಯಾಪ್ಟನ್ ಏಣಿ ಇಳಿಸಲಿಲ್ಲ.

"ಹಡಗಿನ ಮೇಲೆ ನಡೆಯೋದು ಧ್ವಜದ ದೇಶದ ಕಾನೂನು ಸ್ವಾಮಿ. ಹಾರಿ ಬಂದ ಜೇನು ಯಾರದು ಅಂತ ಆ ದೇಶದ ಕಾನೂನಿನಲ್ಲಿ ಏನಿದೆಯೋ ತೋರಿಸಿ, ಹುಳ ತಗೊಂಡು ಹೋಗಿ. ಮಧ್ಯಾಹ್ನ ಒಂದು ಗಂಟೆಗೆ ನಾನು ಹೊರಡ್ತೀನಿ."

ಪ್ರೊಫೆಸರು ಮೂವತ್ತೆರಡು ವರ್ಷ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡಿದವರು. ದಂಡೆಗೆ ಬಂದು ನಿಂತ ಹಡಗಿನ ವಿಷಯವೇ ಬೇರೆ, ಅಲ್ಲಿ ದಂಡೆಯ ದೇಶದ ಕಾನೂನೂ ನಡೆಯುತ್ತದೆ ಎಂದು ಅವರು ವಾದಿಸಬಹುದಿತ್ತು. ಆದರೆ ಆ ವಾದವನ್ನು ಅವರು ತರಗತಿಯಲ್ಲಿ ಮುಗಿಸುತ್ತಿದ್ದದ್ದೇ ಎರಡು ವಾರಕ್ಕೆ. ಆದ್ದರಿಂದ ಮರುಮಾತಾಡದೆ ಕಾನೂನು ಗ್ರಂಥಾಲಯದ ಮುಖ್ಯಸ್ಥೆ ಜಾಗೋರ್ಕಾಗೆ ಫೋನ್ ಮಾಡಿದರು. ಜಾಗೋರ್ಕಾ ಟಿಹೊಮಿರ್‌ಗೆ ಫೋನ್ ಮಾಡಿದಳು.

ಟಿಹೊಮಿರ್ ಆ ಗ್ರಂಥಾಲಯದಲ್ಲಿ ವಿದೇಶಿ ಕಾನೂನಿನ ವಿಭಾಗ ನೋಡಿಕೊಳ್ಳುವವನು. ನಲವತ್ತೊಂದು ವಯಸ್ಸು, ಮೃದು ಸ್ವಭಾವ, 'ಆಗುವುದಿಲ್ಲ' ಎಂಬ ಮಾತು ಬಾಯಿಗೆ ಬರುವುದಿಲ್ಲ. ಅವತ್ತು ಅವನಿಗೆ ರಜೆ. ಮನೆದೇವರ ದಿನ, ಅಂದರೆ ಸ್ಲಾವಾ ಇದ್ದವರಿಗೆ ನಮ್ಮಲ್ಲಿ ಕಾನೂನೇ ರಜೆ ಕೊಡುತ್ತದೆ. ಅದರಲ್ಲೂ ಅವನಿಗಿದು ಸಾಮಾನ್ಯ ಸ್ಲಾವಾ ಅಲ್ಲ. ಎಂಬತ್ತು ದಾಟಿದ ಅಪ್ಪ ಈ ವರ್ಷ, "ಇನ್ನು ನೀನು ನಡೆಸು" ಎಂದು ಮನೆದೇವರನ್ನು ಅವನ ಕೈಗೆ ಒಪ್ಪಿಸಿದ್ದರು. ಒಂದು ಗಂಟೆಗೆ ಪಾದ್ರಿ ಬರುತ್ತಾರೆ. ಪಾದ್ರಿಯೂ ಯಜಮಾನನೂ ಹಬ್ಬದ ರೊಟ್ಟಿಯನ್ನು ಇಬ್ಬರೂ ಕೂಡಿ ಹಿಡಿದು ತಿರುಗಿಸಿ, ವೈನ್ ಹೊಯ್ದು, ಮುರಿಯಬೇಕು. ಅವರ ವಂಶದಲ್ಲಿ ಒಂದು ಕಟ್ಟಳೆ: ಕೈ ಬದಲಾದ ಮೊದಲ ವರ್ಷ ರೊಟ್ಟಿ ತಿರುಗಿಸಿದವನ ಮನೆಗೇ ಮುಂದೆ ಸ್ಲಾವಾ ಹೋಗುತ್ತದೆ. ಚಿಕ್ಕಪ್ಪ ಮೊಮ್ಚಿಲೊ ಆ ರೊಟ್ಟಿಯ ಮೇಲೆ ಇಪ್ಪತ್ತು ವರ್ಷದಿಂದ ಕಣ್ಣಿಟ್ಟಿದ್ದ. "ಕಂಪ್ಯೂಟರ್ ಕುಟ್ಟೋ ಕೈಗೆ ರೊಟ್ಟಿ ಏನು ಗೊತ್ತು?" ಎಂದು ಈಸ್ಟರ್ ದಿನವೇ ಎಲ್ಲರ ಮುಂದೆ ಆಡಿಕೊಂಡಿದ್ದ. ಆ ಮಾತು ಟಿಹೊಮಿರ್‌ಗೆ ಚುಚ್ಚಿತ್ತು.

"ಹತ್ತು ನಿಮಿಷದ ಕೆಲಸ ಕಣಪ್ಪ. ಈಗ ಎಲ್ಲಾ ಅಂತರ್ಜಾಲದಲ್ಲೇ ಇದೆಯಲ್ಲ. ಬಾ, ಹುಡುಕಿಕೊಟ್ಟು ಹೋಗು" ಎಂದಳು ಜಾಗೋರ್ಕಾ.

ಹೆಂಡತಿ ಯಾಸ್ನಾ ಎಲೆಕೋಸಿನ ಎಲೆಯಲ್ಲಿ ಅನ್ನ ಮಾಂಸ ಸುತ್ತುತ್ತಿದ್ದವಳು ತಲೆ ಎತ್ತಿದಳು. "ಹೋಗಬೇಡ. ನೀನು ಇವತ್ತಿನವರೆಗೆ ಹತ್ತು ನಿಮಿಷಕ್ಕೆ ಮುಗಿಸಿದ ಕೆಲಸ ಅಂದ್ರೆ ಊಟ ಒಂದೇ."

"ಒಂಬತ್ತೂವರೆಗೆ ಬಂದುಬಿಡ್ತೀನಿ" ಎಂದು ಅವನು ಹೊಸ ಅಂಗಿಯಲ್ಲೇ ಹೊರಟ.

ಗ್ರಂಥಾಲಯದಲ್ಲಿ ಕಂಪ್ಯೂಟರ್ ತೆರೆದು ಕುಳಿತಾಗ ಎಂಟೂ ಮುಕ್ಕಾಲು. ಮೊದಲು ಆ ದೇಶದ ಸರ್ಕಾರದ ತಾಣಕ್ಕೆ ಹೋದ. ಮಂತ್ರಿಯೊಬ್ಬರು ರಿಬ್ಬನ್ ಕತ್ತರಿಸುತ್ತಿದ್ದರು. 'ಕಾನೂನುಗಳು' ಎಂದಿದ್ದ ಕಡೆ ಒತ್ತಿದ. ಅದೇ ಮಂತ್ರಿ ಇನ್ನೊಂದು ರಿಬ್ಬನ್ ಕತ್ತರಿಸುತ್ತಿದ್ದರು. ಮೂರನೆಯ ಕಡೆ ಒತ್ತಿದಾಗ, ತಾಣ ದುರಸ್ತಿಯಲ್ಲಿದೆ, ದಯವಿಟ್ಟು ಮುಂದಿನ ಮಾರ್ಚಿನಲ್ಲಿ ಬನ್ನಿ ಎಂದಿತು. ಆ 'ಮುಂದಿನ ಮಾರ್ಚ್' ಕಳೆದು ಆರು ವರ್ಷವಾಗಿತ್ತು.

ಆಮೇಲೆ ಜಗತ್ತಿನ ಕಾನೂನುಗಳನ್ನೆಲ್ಲ ಒಂದೆಡೆ ಪಟ್ಟಿ ಮಾಡಿದ ತಾಣಗಳು. ಒಂದರಲ್ಲಿ ಒತ್ತಿದರೆ ಸಮುದ್ರ ಕಾಣುವ ಕೋಣೆ ಬೇಕೇ ಎಂದು ಕೇಳಿತು. ಇನ್ನೊಂದರಲ್ಲಿ ನಿಜವಾಗಿಯೂ ಒಂದು ಕಾಯಿದೆ ಸಿಕ್ಕಿತು. ಸಾಕುಪ್ರಾಣಿಗಳದ್ದು, ಬಿಳಿಯರು ಆಳುತ್ತಿದ್ದ ಕಾಲದ್ದು. ಹಸು, ಹಂದಿ, ಆಮೆ ಎಲ್ಲ ಇದ್ದವು. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ಈ ಕಾಯಿದೆಯ ಕೆಲವು ಭಾಗ ರದ್ದಾಗಿದೆ ಎಂದಿತ್ತು. ಯಾವ ಭಾಗ ಎಂದು ಹೇಳಿರಲಿಲ್ಲ. ಒಪ್ಪಂದಗಳ ಭಂಡಾರದಲ್ಲಿ ಹುಡುಕಿದರೆ ಆ ದೇಶ ಮೀನಿನ ಬಗ್ಗೆ ಮೂವತ್ತೊಂದು ಒಪ್ಪಂದಕ್ಕೆ ಸಹಿ ಹಾಕಿತ್ತು, ಹಾರುವ ಯಾವುದರ ಬಗ್ಗೆಯೂ ಹಾಕಿರಲಿಲ್ಲ.

ಹತ್ತು ಗಂಟೆಗೆ ಬಾಗಿಲು ಕಾಯುವ ಸ್ರೆತೆನ್ ಕಾಫಿ ಹಿಡಿದು ಬಂದು ಬೆನ್ನ ಹಿಂದೆ ನಿಂತ.

"ಜೇನಾ? ಅದಕ್ಕೇನು ಕಾನೂನು ಗುರುವೇ! ನನ್ನ ತಾತ ತಗಡಿನ ಡಬ್ಬ ಬಡೀತಿದ್ರು, ಹುಳ ತಾನಾಗೇ ಇಳಿದು ಬರ್ತಿತ್ತು."

"ಡಬ್ಬ ಬಡೀಬಹುದು ಅಂತ ಆ ದೇಶದ ಕಾನೂನಿನಲ್ಲಿ ಇರಬೇಕಲ್ಲ ಸ್ರೆತೆನ್."

"ಹಂಗಾದ್ರೆ 'ಡಬ್ಬ' ಅಂತ ಹುಡುಕು." ಕಾಫಿ ಇಟ್ಟು, ಟಿಹೊಮಿರ್‌ನ ಅಂಗಿ ನೋಡಿ, "ಇವತ್ತು ನಿಂದೂ ಸ್ಲಾವಾ ಅಲ್ವಾ? ಒಳ್ಳೇದಾಗ್ಲಿ" ಎಂದು ಕೈಕುಲುಕಿ ಹೋದ. ಹೇಳಿದ ಮಾತು ಮೀರಿದಂತಾಗಬಾರದೆಂದು ಟಿಹೊಮಿರ್ 'ಡಬ್ಬ' ಎಂದೂ ಹುಡುಕಿದ. ಮೀನಿನ ಡಬ್ಬಗಳ ಸುಂಕದ ದರ ಬಂತು.

ಹತ್ತೂವರೆಗೆ ಯಾಸ್ನಾಳ ಫೋನ್. "ಎಲ್ಲಿದ್ದೀಯ ಮಾರಾಯ? ನಿನ್ನ ಚಿಕ್ಕಪ್ಪ ಆಗಲೇ ಬಂದು ಕೂತಿದ್ದಾರೆ. ಟೈ ಕಟ್ಟಿದ್ದಾರೆ."

ಮೊಮ್ಚಿಲೊ ಟೈ ಕಟ್ಟಿದ್ದಾನೆಂದರೆ ವಿಷಯ ಗಂಭೀರ. ತನ್ನ ಮದುವೆಗೂ ಅವನು ಟೈ ಕಟ್ಟಿರಲಿಲ್ಲ.

ಟಿಹೊಮಿರ್ ಧೈರ್ಯ ಮಾಡಿ ಜಾಗೋರ್ಕಾಳ ಕೋಣೆಗೆ ಹೋದ. "ಮೇಡಂ, ಸಿಕ್ತಾ ಇಲ್ಲ. ಇದು ಅಂತರ್ಜಾಲದಲ್ಲಿ ಇರೋ ಹಾಗೆ ಕಾಣೋದಿಲ್ಲ."

"ಇಲ್ಲ ಅಂದ್ರೇನು? ನನ್ನ ಸೊಸೆ ಅದರಲ್ಲೇ ಮನೆ ಹುಡುಕಿದಳು, ನಾಯಿ ಹುಡುಕಿದಳು. ನಿನಗೆ ಒಂದು ಕಾನೂನು ಸಿಗಲ್ವಾ? ಪ್ರೊಫೆಸರು ನಮ್ಮ ಮಂಡಳಿಯಲ್ಲಿದ್ದಾರೆ ಕಣಪ್ಪ. ಬೇರೆ ದೇಶದ ಗ್ರಂಥಾಲಯದವರನ್ನ ಕೇಳು. ಆದ್ರೆ ನಿನ್ನ ಹೆಸರು, ನನ್ನ ಹೆಸರು, ಊರಿನ ಹೆಸರು ಯಾವುದೂ ಬೇಡ. ನಮಗೆ ಗೊತ್ತಿಲ್ಲ ಅಂತ ಊರೆಲ್ಲ ಡಂಗುರ ಸಾರೋದು ಬೇಡ. ಬರೀ 'ವಿಚಾರಣಾ ವಿಭಾಗ' ಅಂತ ಹಾಕು."

ಈ ಮಾತಿನಲ್ಲಿ ಒಂದು ಬುದ್ಧಿವಂತಿಕೆ ಇತ್ತು, ಒಪ್ಪಬೇಕು. ಕಾನೂನು ಗ್ರಂಥಪಾಲಕರು ಎಲ್ಲ ದೇಶದಲ್ಲೂ ಒಂದೇ ಜಾತಿ. ತಮಗೆ ಸಿಗದ್ದನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ, ಅವರು ಮತ್ತೊಬ್ಬರಿಗೆ ದಾಟಿಸುತ್ತಾರೆ, ಎಲ್ಲೋ ಒಬ್ಬ ಪುಣ್ಯಾತ್ಮನ ಬೀರುವಿನಲ್ಲಿ ಅದು ಇದ್ದೇ ಇರುತ್ತದೆ. ಟಿಹೊಮಿರ್ ಗ್ರಂಥಾಲಯದ ಸಾಮಾನ್ಯ ಇಮೇಲ್ ವಿಳಾಸದಿಂದ ಹೇಗ್ ನಗರದ ಒಂದು ಗ್ರಂಥಾಲಯಕ್ಕೆ ಬರೆದ: ಡ್ಯಾನ್ಯೂಬ್ ದಂಡೆಯ ಒಂದು ಗ್ರಂಥಾಲಯಕ್ಕೆ ಇಂಥ ದೇಶದ ಜೇನುಹುಳದ ಕಾನೂನು ಬೇಕು, ಇಂದು ಮಧ್ಯಾಹ್ನ ಒಂದು ಗಂಟೆಯೊಳಗೆ, ಬಹಳ ತುರ್ತು.

ಕಾಲು ಗಂಟೆಯಲ್ಲಿ ಉತ್ತರ ಬಂತು. 'ಎಂಥ ಸೊಗಸಾದ ಪ್ರಶ್ನೆ! ನಮ್ಮಲ್ಲಿಲ್ಲ. ಜಿನೀವಾದ ಗೆಳತಿಗೆ ಕಳಿಸಿದ್ದೇನೆ.' ಹನ್ನೊಂದೂಕಾಲಿಗೆ ಜಿನೀವಾದಿಂದ ಬಂತು. 'ನಮ್ಮಲ್ಲೂ ಇಲ್ಲ. ಆದರೆ ಎಡಿನ್‌ಬರೊದಲ್ಲಿ ಒಬ್ಬರು ದ್ವೀಪಗಳ ವಿಷಯ ಬಲ್ಲವರಿದ್ದಾರೆ. ಅವರಿಗೆ ದಾಟಿಸಿದೆ. ನಾನೂ ಜೇನು ಸಾಕುತ್ತೇನೆ.'

ಹನ್ನೆರಡಕ್ಕೆ ಜಾಗೋರ್ಕಾ ಕೋಟು ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಕೈಯಲ್ಲಿ ಹೂವಿನ ಗೊಂಚಲು ಹಿಡಿದು ಹೊರಬಂದಳು. "ನಾನು ಒಂದು ಸ್ಲಾವಾಕ್ಕೆ ಹೋಗ್ತಿದ್ದೀನಿ. ಉತ್ತರ ಬರೋವರೆಗೆ ಕದಲಬೇಡ. ಬಂದ ತಕ್ಷಣ ಮುದ್ರಿಸಿ, ಮೊಹರು ಹಾಕಿ, ನನ್ನ ಮೇಜಿನ ಮೇಲಿಡು."

"ಮೇಡಂ, ಒಂದು ಗಂಟೆಗೆ ನಮ್ಮ ಮನೇಲಿ ಪಾದ್ರಿ..."

"ಅಯ್ಯೋ, ಪಾದ್ರಿಗಳು ಯಾವತ್ತು ಸರಿಯಾದ ಸಮಯಕ್ಕೆ ಬಂದಿದ್ದಾರೆ? ಊರಲ್ಲಿ ಅರ್ಧ ಮನೆಗೆ ಇವತ್ತೇ ಹಬ್ಬ" ಎನ್ನುತ್ತ ಮೆಟ್ಟಿಲಿಳಿದಳು. ಸ್ವಲ್ಪ ಹೊತ್ತಿಗೆ ಸ್ರೆತೆನ್ ಕೂಡ ಕಂಕುಳಲ್ಲಿ ಒಂದು ಸೀಸೆ ಇಟ್ಟುಕೊಂಡು, ಬೀಗದ ಕೈ ಇವನ ಮೇಜಿನ ಮೇಲಿಟ್ಟು ಹೊರಟ. ಕಟ್ಟಡದಲ್ಲಿ ಉಳಿದವನು ಟಿಹೊಮಿರ್ ಒಬ್ಬನೇ. ಎದ್ದು ಹೋಗಬಹುದಿತ್ತು. ಬೇರೆ ಯಾರಾದರೂ ಹೋಗುತ್ತಿದ್ದರು. ಅವನು ಕುರ್ಚಿಯ ತುದಿಗೆ ಜರುಗಿ ಕುಳಿತ, ಅಷ್ಟೇ.

ಹನ್ನೆರಡೂವರೆಗೆ ಎಡಿನ್‌ಬರೊದ ಉತ್ತರ ಬಂತು. 'ನಿಶ್ಚಿಂತೆಯಿಂದಿರಿ. ಸಣ್ಣ ದ್ವೀಪಗಳ ಕಾನೂನು ಅಂತರ್ಜಾಲದಲ್ಲಿ ಎಲ್ಲೆಲ್ಲಿದೆ ಎಂದು ಇಡೀ ಯುರೋಪಿನಲ್ಲಿ ಸರಿಯಾಗಿ ತಿಳಿದವನು ಒಬ್ಬನೇ. ಅವನ ವಿಳಾಸ ಹುಡುಕಿ ನಿಮ್ಮ ಪ್ರಶ್ನೆ ಕಳಿಸಿದ್ದೇನೆ. ಅವನಿಗೆ ಗೊತ್ತಿಲ್ಲದಿದ್ದರೆ ಯಾರಿಗೂ ಗೊತ್ತಿಲ್ಲ.'

ಟಿಹೊಮಿರ್‌ನ ಎದೆ ಹಗುರವಾಯಿತು. ಆ ಮಹಾನುಭಾವ ಯಾರಾದರಾಗಲಿ, ಅವನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದ. ಎದ್ದು ನಿಂತು ಕೋಟಿನ ಒಂದು ತೋಳು ತೂರಿಸಿದ. ಆಗ ಅವನ ಸ್ವಂತ ವಿಳಾಸಕ್ಕೆ ಬಂದ ಪತ್ರವೊಂದು ಪರದೆಯ ಮೂಲೆಯಲ್ಲಿ ಮಿನುಗಿತು.

'ಮಾನ್ಯ ಟಿಹೊಮಿರ್ ಅವರೇ, ಸಣ್ಣ ದ್ವೀಪಗಳ ಕಾನೂನಿಗೆ ತಾವು ರಚಿಸಿದ ಕೈಪಿಡಿಯ ಪುಟವನ್ನು ನಾವೆಲ್ಲ ಹನ್ನೆರಡು ವರ್ಷದಿಂದ ಬಳಸುತ್ತಿದ್ದೇವೆ. ಡ್ಯಾನ್ಯೂಬ್ ದಂಡೆಯ ಯಾವುದೋ ಗ್ರಂಥಾಲಯದಲ್ಲಿ ಪಾಪ ಯಾರೋ ಒಬ್ಬ ಬೆಳಗಿನಿಂದ ಒದ್ದಾಡುತ್ತಿದ್ದಾನೆ. ತೀರ ಅನುಭವವಿಲ್ಲದವನಿರಬೇಕು. ದೊಡ್ಡ ಮನಸ್ಸು ಮಾಡಿ ಒಂದು ಗಂಟೆಯೊಳಗೆ ಅವನ ಕೈಹಿಡಿಯಿರಿ.'

ಟಿಹೊಮಿರ್ ಕೋಟಿನ ಒಂದೇ ತೋಳಿನಲ್ಲಿ ಹಾಗೇ ಕುಳಿತ. ಹೌದು, ಬರೆದಿದ್ದ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಾಡಲು ಬೇರೇನೂ ಇಲ್ಲದ ಒಂದು ಆಗಸ್ಟ್ ತಿಂಗಳಲ್ಲಿ, ಇನ್ನೊಂದು ಪಟ್ಟಿ ನೋಡಿ ಪಟ್ಟಿ ಮಾಡಿದ್ದ. ತನ್ನ ಹೆಸರು ಹಾಕಿದ್ದ, ಊರಿನ ಹೆಸರು ಹಾಕಲು ಮರೆತಿದ್ದ. ಆಮೇಲೆ ಪಟ್ಟಿಯನ್ನೇ ಮರೆತಿದ್ದ. ಅವನನ್ನು ಇಷ್ಟು ಗೌರವದಿಂದ ಯಾರೂ ಎಂದೂ ಸಂಬೋಧಿಸಿರಲಿಲ್ಲ. ಅದನ್ನು ಓದುವಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ದುದಕ್ಕೆ ಅವನಿಗೆ ನಿಜವಾಗಿಯೂ ಬೇಸರವಾಯಿತು.

ಹನ್ನೆರಡೂ ಮುಕ್ಕಾಲು. ಇನ್ನು ಮರ್ಯಾದೆಯಿಂದ ಮಾಡಬಹುದಾದದ್ದು ಒಂದೇ. ಮಾನ್ಯ ಟಿಹೊಮಿರ್ ಅವರು ಎಡಿನ್‌ಬರೊಗೆ ಉತ್ತರ ಬರೆದರು: ಆ ದೇಶದ ಜೇನುಹುಳದ ಕಾನೂನು ಅಂತರ್ಜಾಲದಲ್ಲಿ ಇಲ್ಲ, ಅಂಚೆಯಲ್ಲಿ ಬರೆದು ತರಿಸಿಕೊಳ್ಳತಕ್ಕದ್ದು. ಎಡಿನ್‌ಬರೊದವರು ಅದನ್ನು ಐದೇ ನಿಮಿಷದಲ್ಲಿ 'ತಜ್ಞರ ಅಭಿಪ್ರಾಯ' ಎಂಬ ತಲೆಬರಹದೊಂದಿಗೆ ವಿಚಾರಣಾ ವಿಭಾಗಕ್ಕೆ ಕಳಿಸಿದರು. ವಿಚಾರಣಾ ವಿಭಾಗ ಅದನ್ನು ಮುದ್ರಿಸಿತು, ಮೊಹರು ಒತ್ತಿತು, ಮೇಡಂ ಮೇಜಿನ ಮೇಲಿಟ್ಟಿತು, ಬೀಗ ಹಾಕಿ ಓಡಿತು.

ಹತ್ತು ನಿಮಿಷ ಕಾದರೂ ಬಸ್ಸು ಬರಲಿಲ್ಲ. ಬೀದಿಯುದ್ದಕ್ಕೂ ಕಿಟಕಿಗಳಿಂದ ಹುರಿದ ಕುರಿಮರಿಯ ಘಮ ಬರುತ್ತಿತ್ತು. ಟಿಹೊಮಿರ್ ನಾಲ್ಕು ಬೀದಿ ಓಡಿ, ಮೂರು ಮಹಡಿ ಹತ್ತಿ, ಬಾಗಿಲ ಗಂಟೆ ಒತ್ತಿದಾಗ ಒಂದೂ ಇಪ್ಪತ್ತು. ತನ್ನ ಮನೆಗೆ ತಾನೇ ಯಾಕೆ ಗಂಟೆ ಒತ್ತಿದನೋ, ಅವನಿಗೂ ಹೊಳೆಯಲಿಲ್ಲ.

ಬಾಗಿಲು ತೆರೆದವನು ಮೊಮ್ಚಿಲೊ ಚಿಕ್ಕಪ್ಪ. ಟೈ ಮೇಲೆ ಎರಡು ಹನಿ ಕೆಂಪು ವೈನ್ ಬಿದ್ದಿತ್ತು. ಮುಖ ದೀಪ ಹಚ್ಚಿದಂತಿತ್ತು.

"ಪಾದ್ರಿಗಳು ಸರಿಯಾಗಿ ಒಂದು ಗಂಟೆಗೆ ಬಂದ್ರು ಮಗನೇ. ಹತ್ತು ನಿಮಿಷ ಕಾದ್ರು. ಇನ್ನೂ ಹದಿನೇಳು ಮನೆ ಇದೆ ಅಂದ್ರು. ಯಾರಾದ್ರೂ ರೊಟ್ಟಿ ಹಿಡೀಲೇಬೇಕಲ್ಲ."

ಟಿಹೊಮಿರ್ ಅವನ ಭುಜದಾಚೆ ನೋಡಿದ. ಅಪ್ಪ ಮೂಲೆಯಲ್ಲಿ ಕೂತು ಮೇಣದಬತ್ತಿಯನ್ನೇ ನೋಡುತ್ತಿದ್ದರು, ಇವನ ಕಡೆ ತಿರುಗಲಿಲ್ಲ. ಯಾಸ್ನಾಳ ಕಣ್ಣು ಕೆಂಪಾಗಿತ್ತು. ಮೇಜಿನ ಸುತ್ತ ಜನ. ನಮ್ಮಲ್ಲಿ ಸ್ಲಾವಾಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ನೆನಪಿದ್ದವರು ಬರುತ್ತಾರೆ. ನೆನಪಿಟ್ಟುಕೊಂಡು ಬಂದು ಕೂತಿದ್ದರು: ಸ್ರೆತೆನ್, ಅವನ ಪಕ್ಕ ಪ್ರೊಫೆಸರ್ ವುಕಾಶಿನ್, ಅವರ ಪಕ್ಕ ತಟ್ಟೆ ತುಂಬಿಸಿಕೊಂಡ ಜಾಗೋರ್ಕಾ.

"ಇದೇನಪ್ಪ, ನಿನ್ನ ಮನೆ ಹಬ್ಬಕ್ಕೆ ನೀನೇ ತಡ ಮಾಡೋದಾ? ನಾವು ಹನ್ನೆರಡೂಕಾಲಿಗೇ ಬಂದ್ವಿ" ಎಂದಳು ಜಾಗೋರ್ಕಾ.

"ಮೇಡಂ, ಆ ಕಾನೂನು..."

"ಯಾವ ಕಾನೂನು?" ಪ್ರೊಫೆಸರು ಮೂಳೆ ಕೆಳಗಿಟ್ಟರು. "ಜೇನಿಂದಾ? ಹುಳ ಹನ್ನೊಂದು ಗಂಟೆಗೇ ತಾವಾಗಿ ಎದ್ದು ವಾಪಸ್ ಪೆಟ್ಟಿಗೆಗೆ ಬಂದುಬಿಟ್ಟವಲ್ಲ! ಆಗಲೇ ಫೋನ್ ಮಾಡಿ ಹೇಳಿದ್ದೆ."

ಎಲ್ಲರೂ ಜಾಗೋರ್ಕಾಳ ಕಡೆ ನೋಡಿದರು. ಅವಳು ನಿಧಾನವಾಗಿ ಅಗಿದು ನುಂಗಿದಳು.

"ಹೇಳೋಣ ಅಂತ ಬಾಗಿಲವರೆಗೆ ಬಂದಿದ್ದೆ ಕಣಪ್ಪ. ನೀನು ಅಷ್ಟು ಮನಸ್ಸಿಟ್ಟು ಹುಡುಕ್ತಿದ್ದೆ. ಕೆಲಸ ಮಾಡೋವನ ಮನಸ್ಸು ಯಾಕೆ ಕೆಡಿಸಬೇಕು?"

ಟಿಹೊಮಿರ್ ಬಡಿಸಲೆಂದು ವೈನಿನ ಹೂಜಿಗೆ ಕೈ ಚಾಚಿದ. ಸ್ಲಾವಾ ದಿನ ಯಜಮಾನನಾದವನು ಕೂರುವಂತಿಲ್ಲ, ಕೊನೆಯ ಅತಿಥಿ ಏಳುವವರೆಗೂ ನಿಂತೇ ಬಡಿಸಬೇಕು. ಅವನು ಅದಕ್ಕೆಂದೇ ಮೆತ್ತನೆಯ ಹೊಸ ಬೂಟು ಹಾಕಿಕೊಂಡಿದ್ದ.

ಮೊಮ್ಚಿಲೊ ಹೂಜಿಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಕಿಟಕಿಯ ಬದಿಗಿದ್ದ ಒಳ್ಳೆಯ ಕುರ್ಚಿಯೊಂದನ್ನು ಎಳೆದು, ಅದರ ಮೇಲಿನ ಧೂಳು ಕೊಡವಿದ.

"ಓಡಿ ಬಂದು ದಣಿದಿದ್ದೀಯ. ಕೂತ್ಕೋ ಮಗನೇ, ಸಂಕೋಚ ಪಡಬೇಡ. ಇದೂ ನಿನ್ನ ಮನೆ ಅಂತಲೇ ತಿಳ್ಕೋ."